ಚೈನ್ ಎರಡೂ ಕಡೆ ಎಳೆಯುತ್ತದೆ

ಪೀಣ್ಯದಲ್ಲಿ ನಾನು ಕೆಲಸ ಮಾಡುವ ಮೆಷಿನ್ ಶಾಪ್ ಚಿಕ್ಕದು. ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ), ಗೇರ್, ಶಾಫ್ಟ್ ಮಾಡಿಕೊಡುತ್ತೇವೆ. ಬಂದ ಡ್ರಾಯಿಂಗ್ ನೋಡುವುದು, ಬೇಕಾದರೆ ತಿದ್ದುವುದು, ಸಹಿ ಹಾಕಿ ಮೆಷಿನ್‌ಗೆ ಕಳಿಸುವುದು ನನ್ನ ಪಾಲಿನ ಕೆಲಸ. ದಸರಾ ಮುಗಿಯುತ್ತಿದ್ದಂತೆ ಇಂಜಿನಿಯರಿಂಗ್ ಕಾಲೇಜಿನ ಮಕ್ಕಳು ಬರಲು ಶುರು ಮಾಡುತ್ತಾರೆ. ಜನವರಿಯಲ್ಲಿ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ಫಾರ್ಮುಲಾ ಭಾರತ್ ಸ್ಪರ್ಧೆ ಇರುತ್ತದೆ. ತಾವೇ ಡಿಸೈನ್ ಮಾಡಿ, ತಾವೇ ಕಟ್ಟಿದ ರೇಸ್ ಕಾರು ಅಲ್ಲಿ ಓಡಬೇಕು. ವರ್ಷದಲ್ಲಿ ನನಗೆ ತುಂಬಾ ಇಷ್ಟದ ತಿಂಗಳುಗಳು ಇವೇ.

ಕೆಲವು ವರ್ಷದ ಹಿಂದೆ ಬಂದ ಒಂದು ತಂಡದ ವಿಷಯ ಹೇಳಬೇಕು. ಅವರದು ಕೆಟಿಎಂ 390 ಎಂಜಿನ್. ಬೈಕಿನ ಎಂಜಿನ್ ಆದ್ದರಿಂದ ಗೇರ್‌ಬಾಕ್ಸ್ ಅದರೊಳಗೇ ಇರುತ್ತದೆ. ಅಲ್ಲಿಂದಾಚೆಗಿನದು ಮಾತ್ರ ಮಾಡಬೇಕು: ಚಿಕ್ಕ ಸ್ಪ್ರಾಕೆಟ್, ಚೈನ್, ದೊಡ್ಡ ಸ್ಪ್ರಾಕೆಟ್, ಎರಡೂ ಚಕ್ರಕ್ಕೆ ಬಲ ಹಂಚುವ ಡಿಫರೆನ್ಷಿಯಲ್, ಅದನ್ನು ಬೇರಿಂಗ್ ಮೂಲಕ ಹಿಡಿಯುವ ಎರಡು ಬ್ರಾಕೆಟ್, ಚಕ್ರಕ್ಕೆ ಹೋಗುವ ಎರಡು ಆಕ್ಸಲ್.

ಅವರು ಮೊದಲು ಕೇಳಿದ್ದು 13 ಮತ್ತು 39 ಹಲ್ಲಿನ ಸ್ಪ್ರಾಕೆಟ್. ಅನುಪಾತ 3, ತೂಕ ಕಡಿಮೆ. ನಾನು 15 ಮತ್ತು 45 ಮಾಡಿಸಿದೆ. ಅನುಪಾತ ಅದೇ, ಆದರೆ ಚೈನಿನ ಮೇಲಿನ ಎಳೆತ ಕಮ್ಮಿ. ಲೆಕ್ಕ ಕಷ್ಟದ್ದಲ್ಲ. ಎಂಜಿನ್ನಿನ ಟಾರ್ಕ್, ಅಂದರೆ ತಿರುಗಿಸುವ ಬಲ, 35 ನ್ಯೂಟನ್ ಮೀಟರ್ ಅಂದುಕೊಳ್ಳಿ. ಕ್ಲಚ್ ಹತ್ತಿರ ಅದು 2.67 ಪಟ್ಟಾಗುತ್ತದೆ, ಫಸ್ಟ್ ಗೇರ್‌ನಲ್ಲಿ ಇನ್ನೊಂದು 2.67 ಪಟ್ಟು. ಚಿಕ್ಕ ಸ್ಪ್ರಾಕೆಟ್ ಮುಟ್ಟುವ ಹೊತ್ತಿಗೆ ಸುಮಾರು 250. 520 ಚೈನಿನ 15 ಹಲ್ಲಿನ ಸ್ಪ್ರಾಕೆಟ್‌ಗೆ ತ್ರಿಜ್ಯ 38 ಮಿ.ಮೀ. ಭಾಗಿಸಿದರೆ ಎಳೆತ 6,500 ನ್ಯೂಟನ್, ಅಂದರೆ 660 ಕೆಜಿ ಹತ್ತಿರ. 13 ಹಲ್ಲಾದರೆ 7,500 ನ್ಯೂಟನ್. ಅಷ್ಟು ಪೂರ್ತಿ ಬರುವ ಮೊದಲೇ ಟೈರ್ ಜಾರುತ್ತದೆ, ನಿಜ. ಆದರೂ ಡ್ರೈವರ್ ಕೂತಾಗ 300 ಕೆಜಿ ದಾಟದ ಕಾರಿನಲ್ಲಿ ಒಂದು ಚೈನ್ ಇಷ್ಟು ಎಳೆಯುತ್ತದೆ ಅನ್ನುವುದನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಬೇಕು.

ಬ್ರಾಕೆಟ್‌ಗೆ 8 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಪ್ಲೇಟ್. ಕಂಪ್ಯೂಟರ್ ಅನಾಲಿಸಿಸ್ ರಿಪೋರ್ಟ್ ಚೆನ್ನಾಗಿಯೇ ಬಂದಿತ್ತು, ಮೂರು ಪಟ್ಟು ಸೇಫ್ ಅಂತ. ನಾನು ಸಹಿ ಹಾಕಿದೆ.

ನವೆಂಬರಿನ ಒಂದು ಭಾನುವಾರ ಕಾಲೇಜಿನ ಮೈದಾನದ ಪಕ್ಕದ ರಸ್ತೆಯಲ್ಲಿ ಮೊದಲ ಓಟ. ಸ್ಪರ್ಧೆಯಲ್ಲಿ ನಿಂತಲ್ಲಿಂದ 75 ಮೀಟರ್ ಓಡುವ ಸುತ್ತೊಂದಿದೆ, ಅದರ ಅಭ್ಯಾಸ. ಮೂರನೇ ಸಲ ಕ್ಲಚ್ ಬಿಟ್ಟಾಗ ಕಟಕಟ ಸದ್ದು. ಚೈನ್ ಹಲ್ಲು ಹಾರಿ ಕಳಚಿಕೊಂಡಿತು. ಚೈನಿನ ಅಗಲದ 3 ಪಟ್ಟು ಅಗಲ ಇರಬೇಕು ಎಂಬ ನಿಯಮದಂತೆ ಕಟ್ಟಿದ್ದ ಗಾರ್ಡ್ ಅದನ್ನು ತಡೆಯಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಎಂಜಿನ್ನಿನ ಸ್ಪ್ರಾಕೆಟ್ ಕವರ್ ಎರಡು ಹೋಳಾಗಿತ್ತು.

"ಸರ್, ಪ್ಲೇಟ್ ಇನ್ನೂ ದಪ್ಪ ಮಾಡೋಣ್ವಾ?" ಎಂದು ಡ್ರೈವ್‌ಟ್ರೇನ್ ನೋಡಿಕೊಳ್ಳುತ್ತಿದ್ದ ಹುಡುಗಿ ಕೇಳಿದಳು. ನಾನೂ ಹೂಂ ಅಂದೆ. 12 ಮಿ.ಮೀ. ಪ್ಲೇಟ್ ಕತ್ತರಿಸಿಕೊಟ್ಟೆವು. ಮುಂದಿನ ಭಾನುವಾರ ಅದೇ ಕತೆ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆ ಮಕ್ಕಳು ಮನೆಯವರ ಹತ್ತಿರ ಕೇಳಿ, ಸ್ಪಾನ್ಸರ್ ಹುಡುಕಿ ತಂದ ದುಡ್ಡು ಅದು.

ಸೋಮವಾರ ಕಾರನ್ನೇ ಟೆಂಪೋದಲ್ಲಿ ಶಾಪಿಗೆ ತರಿಸಿದೆ. ಚಿಕ್ಕ ಸ್ಪ್ರಾಕೆಟ್ ತಿರುಗದ ಹಾಗೆ ಎಂಜಿನ್ ಕೇಸಿಗೆ ಒಂದು ಪ್ಲೇಟ್ ಬೋಲ್ಟ್ ಮಾಡಿದೆವು. ದೊಡ್ಡ ಸ್ಪ್ರಾಕೆಟ್‌ನ ಬೋಲ್ಟ್‌ಗಳಿಗೆ ಒಂದೂವರೆ ಮೀಟರ್ ಪೈಪ್ ಕಟ್ಟಿ ಹಿಂದಕ್ಕೆ ಚಾಚಿಸಿದೆವು. ಹುಡುಗರು ಹಾಸ್ಟೆಲ್ ಜಿಮ್‌ನಿಂದ ತೂಕದ ಬಿಲ್ಲೆಗಳನ್ನು ಹೊತ್ತು ತಂದರು. ಪೈಪಿನ ತುದಿಗೆ 30 ಕೆಜಿ ತೂಗುಹಾಕಿದರೆ ಚೈನಿನಲ್ಲಿ 400 ಕೆಜಿ ಹತ್ತಿರ ಎಳೆತ. ಎರಡೂ ಬ್ರಾಕೆಟ್‌ಗೆ ಒಂದೊಂದು ಡಯಲ್ ಗೇಜ್ ಇಟ್ಟೆ, ಕೂದಲೆಳೆಯಷ್ಟು ಸರಿದರೂ ಅದರ ಮುಳ್ಳು ತೋರಿಸುತ್ತದೆ. ಗೇಜ್‌ನ ಸ್ಟ್ಯಾಂಡ್ ಕೂತದ್ದು ನೆಲದ ಮೇಲಿನ ಕಬ್ಬಿಣದ ದಿಮ್ಮಿಯ ಮೇಲೆ, ಕಾರಿನ ಮೇಲಲ್ಲ. ಇದು ಮುಖ್ಯ.

ಬಿಲ್ಲೆ ಒಂದೊಂದೇ ಏರಿಸಿದೆವು. ಸ್ಪ್ರಾಕೆಟ್ ಕಡೆಯ ಮುಳ್ಳು ಮೆಲ್ಲಗೆ ಸುತ್ತತೊಡಗಿತು. ಒಂದು ಸುತ್ತು, ಎರಡು ಸುತ್ತು, ಕೊನೆಗೆ 2.8 ಮಿ.ಮೀ. ಮುಂದಕ್ಕೆ ಬಂದು ನಿಂತಿತು. ಇನ್ನೊಂದು ಕಡೆಯದು ಉಲ್ಟಾ ತಿರುಗಿ 0.3 ಹಿಂದಕ್ಕೆ ಹೋಗಿತ್ತು. ಯಾರೂ ಮಾತಾಡಲಿಲ್ಲ. ಇಡೀ ಡಿಫರೆನ್ಷಿಯಲ್ ಕಣ್ಣೆದುರೇ ಸೊಟ್ಟಗೆ ತಿರುಗುತ್ತಿತ್ತು.

ಉಲ್ಟಾ ಯಾಕೆ? ಸ್ಪ್ರಾಕೆಟ್ ಎರಡು ಬೇರಿಂಗ್‌ಗಳ ನಡುವೆ ಇರಲಿಲ್ಲ, 30 ಮಿ.ಮೀ. ಹೊರಗಿತ್ತು. ಬೇರಿಂಗ್‌ಗಳ ನಡುವಿನ ಅಂತರ 150. ಹಾಗಾಗಿ ಹತ್ತಿರದ ಬ್ರಾಕೆಟ್‌ಗೆ ಚೈನಿನ ಎಳೆತದ 1.2 ಪಟ್ಟು ಬೀಳುತ್ತದೆ, ದೂರದ್ದಕ್ಕೆ ಮಿಕ್ಕ 0.2 ಪಟ್ಟು ಎದುರು ದಿಕ್ಕಿನಲ್ಲಿ. ಏತದ ಹಾಗೆ. ಸ್ಪ್ರಾಕೆಟ್ ಇರುವ ಜಾಗದಲ್ಲಿ ಲೆಕ್ಕ ಹಾಕಿದರೆ 3.4 ಮಿ.ಮೀ. ಸರಿದಿತ್ತು. ಚೈನಿನ ಮೇಲಿನ ಸಾಲು, ಕೆಳಗಿನ ಸಾಲು ಎರಡರ ದಾರಿಯೂ ಅಷ್ಟು ಗಿಡ್ಡ ಆಯಿತು ಅಂದರೆ 6.8 ಮಿ.ಮೀ. ಚೈನ್ ಹೆಚ್ಚಾಯಿತು. ಮೇಲಿನದು ಬಿಗಿಯಾಗಿರುವುದರಿಂದ ಅಷ್ಟೂ ಕೆಳಗಿನ ಸಾಲಿಗೆ ಬರುತ್ತದೆ. ಸ್ಪ್ರಾಕೆಟ್‌ಗಳ ನಡುವೆ 250 ಮಿ.ಮೀ. ಇದ್ದ ಆ ಕಾರಿನಲ್ಲಿ ಇಷ್ಟಕ್ಕೇ ಚೈನ್ 25 ಮಿ.ಮೀ. ಜೋತುಬೀಳುತ್ತದೆ. ಅದರ ಮೇಲೆ ಹುಡುಗರು ಬೈಕಿನ ಪುಸ್ತಕ ನೋಡಿ ಮೊದಲೇ ಸಡಿಲ ಬಿಟ್ಟಿದ್ದರು. ಬೈಕಿನಲ್ಲಿ ಹಿಂದಿನ ಚಕ್ರ ಮೇಲೆ ಕೆಳಗೆ ಆಡುತ್ತದೆ, ಸಡಿಲ ಬೇಕೇ ಬೇಕು. ಇಲ್ಲಿ ಡಿಫರೆನ್ಷಿಯಲ್ ಛಾಸಿಗೆ, ಅಂದರೆ ಕಾರಿನ ಪೈಪ್ ಚೌಕಟ್ಟಿಗೆ, ಕೂತಿರುತ್ತದೆ. ಅಷ್ಟು ಬೇಡ.

ಹಾಗಾದರೆ ಬಾಗಿದ್ದು ಏನು? ಗೇಜ್ ತೆಗೆದು ಬ್ರಾಕೆಟ್‌ನ ಬುಡಕ್ಕೆ, ಛಾಸಿಯ ಪೈಪಿಗೇ ಇಟ್ಟೆ. ಅಲ್ಲೇ 2.5 ತೋರಿಸಿತು. ಬ್ರಾಕೆಟ್ ತಾನಾಗಿ ಬಾಗಿದ್ದು ಬರೀ 0.3. ಪೈಪ್‌ಗಳು ಸೇರುವ ಗಂಟಿನಿಂದ ದೂರ, ಪೈಪಿನ ನಟ್ಟನಡುವೆ ಅದನ್ನು ಕೂರಿಸಿದ್ದರು. ಅನಾಲಿಸಿಸ್‌ನಲ್ಲಿ ಬೋಲ್ಟ್ ತೂತುಗಳನ್ನು 'ಫಿಕ್ಸ್' ಎಂದು ಕೊಟ್ಟಿದ್ದರು, ಬಂಡೆಗೆ ಕಟ್ಟಿದ ಹಾಗೆ. ಬಂಡೆ ಅಲ್ಲಿ ಇರಲೇ ಇಲ್ಲ. ರಿಪೋರ್ಟ್‌ನಲ್ಲಿ ಆ ಒಂದು ಸಾಲು ನನ್ನ ಕಣ್ಣಿಗೆ ಬಿದ್ದಿತ್ತು, ನಾನು ಪ್ರಶ್ನೆ ಕೇಳಲಿಲ್ಲ. ಮುರಿಯುತ್ತದಾ ಎಂದು ನೋಡಿದೆ, ಎಷ್ಟು ಸರಿಯುತ್ತದೆ ಎಂದು ನೋಡಲಿಲ್ಲ.

ಆಮೇಲೆ ಶಾಪಿನ ನೆಲದ ಮೇಲೆ ಚಾಕ್‌ನಲ್ಲಿ ಎಂಜಿನ್, ಡಿಫರೆನ್ಷಿಯಲ್ ಬರೆದು ಎಲ್ಲರೂ ಸುತ್ತ ಕೂತೆವು. ಚೈನ್ ಡಿಫರೆನ್ಷಿಯಲನ್ನು ಎಷ್ಟು ಮುಂದಕ್ಕೆ ಎಳೆಯುತ್ತದೋ ಎಂಜಿನ್ನನ್ನು ಅಷ್ಟೇ ಹಿಂದಕ್ಕೆ ಎಳೆಯುತ್ತದೆ. ಇದು ಅವರಿಬ್ಬರ ಜಗಳ. ನಡುವೆ ಛಾಸಿಯನ್ನು ಎಳೆದು ತರುವುದು ಯಾಕೆ? ಎಂಜಿನ್ನಿನ ಹಿಂದಿನ ಮೌಂಟ್ ಬೋಲ್ಟ್‌ನಿಂದ ಬೇರಿಂಗ್ ಹಿಡಿದ ಬ್ರಾಕೆಟ್‌ಗೆ ನೇರವಾಗಿ ಒಂದೊಂದು ಸ್ಟೀಲ್ ಪೈಪ್ ಕೊಟ್ಟರೆ ಎಳೆತ ಅಲ್ಲೇ ಮುಗಿಯುತ್ತದೆ. ಇದನ್ನು ಹೇಳಿದ್ದು ನಾನಲ್ಲ, ಅದೇ ಹುಡುಗಿ. ಚಾಕ್ ನನ್ನ ಕೈಯಿಂದ ತೆಗೆದುಕೊಂಡು ಎರಡು ಗೆರೆ ಎಳೆದಳು.

ಗುರುವಾರಕ್ಕೆ ಪೈಪ್ ರೆಡಿ ಆಯಿತು. ಅದೇ 30 ಕೆಜಿ ಹಾಕಿದೆವು. ಮುಳ್ಳು 0.6ಕ್ಕೆ ನಿಂತಿತು. ಪ್ಲೇಟನ್ನು ವಾಪಸ್ 8 ಮಿ.ಮೀ.ಗೆ ಇಳಿಸಿದೆವು, ಆಗಲೂ 0.7 ದಾಟಲಿಲ್ಲ. ಕೊಯಮತ್ತೂರಿನಲ್ಲಿ 22 ಕಿ.ಮೀ.ಗಳ ಎಂಡ್ಯೂರೆನ್ಸ್ ಮುಗಿಸಿ ಬಂದ ಕಾರಿನ ಚೈನ್ ಫೋಟೋ ಕಳಿಸಿದ್ದರು. ಸ್ಪ್ರಾಕೆಟ್ ಹಲ್ಲುಗಳ ಎರಡೂ ಬದಿ ಸವೆತ ಒಂದೇ ಸಮ. ನಾನು ಅದನ್ನು ಎಷ್ಟು ಹೊತ್ತು ನೋಡಿದೆನೋ ಗೊತ್ತಿಲ್ಲ.

ತೂಕ ತೂಗುಹಾಕಿದ ಆ ಒಂದೂವರೆ ಮೀಟರ್ ಪೈಪ್ ಈಗಲೂ ಶಾಪಿನಲ್ಲಿದೆ. ಈ ವರ್ಷದ ತಂಡಕ್ಕೆ ಹೇಳಿದ್ದೇನೆ, ಛಾಸಿಯ ಹಿಂಭಾಗ ಪೂರ್ತಿ ವೆಲ್ಡ್ ಮಾಡಬೇಡಿ, ಬರೀ ಟ್ಯಾಕ್ (ಅಲ್ಲಲ್ಲಿ ಚಿಕ್ಕ ಚುಕ್ಕೆ ವೆಲ್ಡ್) ಹಾಕಿ ತನ್ನಿ ಅಂತ. ಶನಿವಾರ ಬರುತ್ತಿದ್ದಾರೆ.