ಪಟ್ಟಿಯಲ್ಲಿ ಮೊದಲ ಹೆಸರು ಐಸಾಕ್

ಸುಗ್ಗಿ ಮುಗಿದ ಮೇಲೆ ನಮ್ಮೂರಿಗೆ ಹೆಳವರು ಬರುತ್ತಿದ್ದರು. ಹಾವೇರಿ ಕಡೆಯ ಹಳ್ಳಿ ನಮ್ಮದು. ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತಾ ಬಂದರೆ ಮುತ್ಯಾ ಕೈಯಲ್ಲಿದ್ದ ಕೆಲಸ ಬಿಟ್ಟು ಕಟ್ಟೆಗೆ ಬಂದು ಕೂರುತ್ತಿದ್ದರು. ಮನೆತನದ ಮೂಲ ಯಾವ ಊರು, ಅಲ್ಲಿಂದ ಯಾರು ಯಾಕೆ ಎದ್ದು ಬಂದರು, ಯಾರಿಗೆ ಎಷ್ಟು ಮಕ್ಕಳು, ಎಲ್ಲವನ್ನೂ ಹಾಡಿದ ಹಾಗೆ ಹೇಳುತ್ತಿದ್ದರು. ಆ ವರ್ಷ ಹುಟ್ಟಿದವರ ಹೆಸರು ಬರೆದುಕೊಂಡು, ಜೋಳ ಹಾಕಿಸಿಕೊಂಡು ಮುಂದಿನ ಮನೆಗೆ ಹೋಗುತ್ತಿದ್ದರು. ನನ್ನ ಹೆಸರೂ ಆ ಪುಸ್ತಕದಲ್ಲಿದೆ.

ಈಗ ನಾನಿರುವುದು ಅಮೆರಿಕದ ಮೇರಿಲ್ಯಾಂಡ್‌ನಲ್ಲಿ. ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಒಬ್ಬ ಕಪ್ಪು ಅಜ್ಜಿ ಇದ್ದಾರೆ. ಹುಟ್ಟೂರು ಲೂಯಿಸಿಯಾನಾ. ಹೋದ ಚಳಿಗಾಲದಲ್ಲಿ ಒಂದು ದಿನ, ತಮ್ಮ ಮುತ್ತಜ್ಜಿಯ ತಾಯಿ ಯಾರು ಅಂತ ಕಂಪ್ಯೂಟರ್‌ನಲ್ಲಿ ಹುಡುಕಿಕೊಡು ಅಂದರು. ನಾನು ಅವರಿಗೆ ಹೆಳವರ ವಿಷಯ ಹೇಳಿದೆ. ತುಂಬಾ ಹೊತ್ತು ಸುಮ್ಮನಿದ್ದರು. "ನಮ್ಮ ಮನೆಗೆ ಅಂಥವರು ಯಾರೂ ಬರಲಿಲ್ಲ" ಅಂದರು.

ಹುಡುಕಲು ಕೂತ ಮೇಲೆ ಆ ಮಾತಿನ ಭಾರ ಗೊತ್ತಾಯಿತು. ಗುಲಾಮರಾಗಿದ್ದವರ ಹೆಸರು ಅಮೆರಿಕದ ಜನಗಣತಿಯಲ್ಲಿ ಮೊದಲ ಸಲ ಬರುವುದು 1870ರಲ್ಲಿ. ಅದಕ್ಕೂ ಹಿಂದೆ, 1850 ಮತ್ತು 1860ರಲ್ಲಿ, ಗುಲಾಮರಿಗೆಂದೇ ಬೇರೆ ಹಾಳೆ ಇತ್ತು. ಅದರಲ್ಲಿ ಒಡೆಯನ ಹೆಸರು ಇರುತ್ತದೆ. ಕೆಳಗೆ ಬರೀ ವಯಸ್ಸು, ಗಂಡೋ ಹೆಣ್ಣೋ, ಬಣ್ಣ. ಹುಡುಕುವವರು ಇದನ್ನು 1870ರ ಗೋಡೆ ಅಂತ ಕರೆಯುತ್ತಾರೆ. ಈಚೆಗೂ ಕಷ್ಟವೇ. 1890ರ ಜನಗಣತಿಯ ಬಹುಪಾಲು 1921ರ ಬೆಂಕಿ ಅನಾಹುತದಲ್ಲಿ ಹಾಳಾಯಿತು. 1880 ಬಿಟ್ಟರೆ 1900ಕ್ಕೇ ಹಾರಬೇಕು. ಅಷ್ಟರಲ್ಲಿ ಹೆಣ್ಣುಮಕ್ಕಳು ಮದುವೆಯಾಗಿ ಅಡ್ಡಹೆಸರು ಬದಲಾಗಿರುತ್ತದೆ.

ಈ ಗೋಡೆ ದಾಟಿದವರು ಯಾರಾದರೂ ಇದ್ದಾರಾ ಅಂತ ನೋಡುವಾಗ ಹಾಕಿನ್ಸ್ ಕುಟುಂಬ ಸಿಕ್ಕಿತು. ಅಂದಿನಿಂದ ಆ ಹೆಸರುಗಳು ನನ್ನ ತಲೆಯಿಂದ ಹೋಗಿಲ್ಲ.

1838ರ ಜೂನ್ 19ರಂದು ಮೇರಿಲ್ಯಾಂಡ್‌ನ ಜೆಸ್ವಿಟ್ ಅನ್ನುವ ಕ್ಯಾಥೊಲಿಕ್ ಪಂಗಡದ ಪಾದ್ರಿಗಳು 272 ಗುಲಾಮರನ್ನು ಲೂಯಿಸಿಯಾನಾದ ತೋಟದ ಒಡೆಯರಿಗೆ ಮಾರಲು ಕರಾರು ಮಾಡಿಕೊಂಡರು. ಒಟ್ಟು ಬೆಲೆ 1,15,000 ಡಾಲರ್. ಮಾರಿದವರ ಕಡೆಯಿಂದ ಮುಂದೆ ನಿಂತವರು ಥಾಮಸ್ ಮಲ್ಲೆಡಿ. ಅವರು ವಾಷಿಂಗ್ಟನ್‌ನ ಜಾರ್ಜ್‌ಟೌನ್ ಕಾಲೇಜಿನ ಅಧ್ಯಕ್ಷರಾಗಿದ್ದವರು. ಬಂದ ದುಡ್ಡಿನಲ್ಲಿ ಒಂದು ಭಾಗ ಆ ಕಾಲೇಜಿನ ಸಾಲ ತೀರಿಸಲು ಹೋಯಿತು. ಮಕ್ಕಳಿಗೆ ವಿದ್ಯೆ ಹೇಳುವ ಕಾಲೇಜು! ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ.

ಕರಾರಿನಲ್ಲಿ ಮೊದಲ ಹೆಸರು ಐಸಾಕ್, 65 ವರ್ಷ, ಹಾಕಿನ್ಸ್ ಕುಟುಂಬದ ಹಿರಿಯ. ಆಮೇಲೆ ದೊಡ್ಡ ಮಗ ಚಾರ್ಲ್ಸ್, ಮಗಳು ನೆಲ್ಲಿ. ಸ್ವಲ್ಪ ಕೆಳಗೆ ಪ್ಯಾಟ್ರಿಕ್, ಅವನ ಹೆಂಡತಿ ಲೆಟ್ಟಿ, ಆಮೇಲೆ ಕಾರ್ನೀಲಿಯಸ್ ಅನ್ನುವ ಹುಡುಗ, 13 ವರ್ಷ. ಐಸಾಕ್‌ನ ಮೊಮ್ಮಗ. ಅಡ್ಡಹೆಸರು ಬರೆದಿಲ್ಲ. ಲೂಯಿಸಿಯಾನಾಗೆ ಹೋದ ಮೇಲೆ ಕುಟುಂಬವನ್ನು ಬೇರೆ ಬೇರೆ ತೋಟಗಳಿಗೆ ಹಂಚಿದರು. ನೆಲ್ಲಿ ಮತ್ತು ಅವಳ ಹೆಣ್ಣುಮಕ್ಕಳು ಒಂದು ಕಡೆ ಹೋದರು. ಇಂಗ್ಲಿಷ್‌ನಲ್ಲಿ ಅವಳನ್ನು ಆಂಟಿ ಅಂತ ಬರೆದಿರುತ್ತಾರೆ. ನಾನು ಓದುವಾಗ ಮನಸ್ಸು ತಾನಾಗಿ ಸೋದರತ್ತೆ ಅಂತ ತಿದ್ದಿಕೊಂಡಿತು. ಆ ಹುಡುಗನನ್ನು ಎತ್ತಿ ಆಡಿಸಿದ ಸೋದರತ್ತೆ ಅಲ್ವಾ.

ಹಡಗಿನ ಪಟ್ಟಿಗಳೂ ಉಳಿದಿವೆ. 1807ರ ಕಾನೂನಿನ ಪ್ರಕಾರ, ದೇಶದೊಳಗೇ ಕರಾವಳಿಯುದ್ದಕ್ಕೆ ಗುಲಾಮರನ್ನು ಸಾಗಿಸುವ ಹಡಗು ಪ್ರತಿಯೊಬ್ಬರ ಹೆಸರು, ವಯಸ್ಸು, ಎತ್ತರ ಬರೆದುಕೊಡಬೇಕಿತ್ತು. ಹೊರದೇಶದಿಂದ ಕದ್ದು ತಂದವರಲ್ಲ ಅಂತ ತೋರಿಸುವುದಕ್ಕೆ. ಕ್ಯಾಥರಿನ್ ಜಾಕ್ಸನ್ ಅನ್ನುವ ಹಡಗಿನ ಪಟ್ಟಿ ನೋಡಿದೆ. ಮಕ್ಕಳ ಎತ್ತರವನ್ನೂ ಅಡಿ, ಇಂಚಿನಲ್ಲಿ ಬರೆದಿದ್ದಾರೆ. ನಾವು ನಮ್ಮ ಮಕ್ಕಳ ಎತ್ತರವನ್ನು ಬಾಗಿಲ ಚೌಕಟ್ಟಿನ ಮೇಲೆ ಗೀಟು ಹಾಕಿ ಗುರುತಿಡುತ್ತೇವೆ. ಆ ಪುಟ ಮುಚ್ಚಿ ಸ್ವಲ್ಪ ಹೊತ್ತು ಹೊರಗೆ ಹೋಗಿ ಬಂದೆ.

ಇವರೆಲ್ಲ ಲೂಯಿಸಿಯಾನಾದಲ್ಲಿ ಜ್ವರ ಬಂದು ಸತ್ತುಹೋದರು, ವಂಶ ಉಳಿದಿಲ್ಲ ಅನ್ನುವ ಮಾತಿತ್ತು. ಜಾರ್ಜ್‌ಟೌನ್‌ನಲ್ಲೇ ಓದಿದ ರಿಚರ್ಡ್ ಸೆಲಿನಿ ಅದನ್ನು ನಂಬಲಿಲ್ಲ. 2015ರಲ್ಲಿ ಸ್ವಂತವಾಗಿ ಹುಡುಕಾಟ ಶುರುಮಾಡಿ, ವಂಶಾವಳಿ ಬಲ್ಲವರನ್ನು ಕೆಲಸಕ್ಕೆ ಹಚ್ಚಿದರು. ದಾರಿ ತೋರಿಸಿದ್ದು ಜಾಸ್ತಿ ಚರ್ಚಿನ ಪುಸ್ತಕಗಳು. ಮಾರಾಟವಾದವರು ಕ್ಯಾಥೊಲಿಕರು. ಹೊಸ ಊರಿನಲ್ಲೂ ಆ ನಂಬಿಕೆ ಬಿಡಲಿಲ್ಲ. ದೀಕ್ಷಾಸ್ನಾನ, ಮದುವೆ, ಮಣ್ಣು, ಎಲ್ಲ ಅಲ್ಲಿ ದಾಖಲಾಗಿರುತ್ತದೆ.

1870ರ ಜನಗಣತಿಯಲ್ಲಿ ಕಾರ್ನೀಲಿಯಸ್ ಹಾಕಿನ್ಸ್ ಸಿಕ್ಕರು. ಹೊಲದ ಕೂಲಿ, ವಯಸ್ಸು ಸುಮಾರು 48. ಕರಾರಿನ ಲೆಕ್ಕದಲ್ಲಿ 45 ಆಗಬೇಕಿತ್ತು. ಹುಟ್ಟಿದ ದಿನ ಬರೆದಿಡುವ ಹಕ್ಕಿಲ್ಲದವರ ವಯಸ್ಸು ಹೀಗೆ ಎರಡು ಮೂರು ವರ್ಷ ಆಚೀಚೆ ಇದ್ದೇ ಇರುತ್ತದೆ. ಅಷ್ಟಕ್ಕೇ ಇವರಲ್ಲ ಅಂತ ಕೈಬಿಡಬಾರದು. ಆ ಜನಗಣತಿಯಾಗಿ ಆರು ವರ್ಷಕ್ಕೆ, ಮೊದಲ ಮಗು ಹುಟ್ಟಿ ಸುಮಾರು ಮೂವತ್ತು ವರ್ಷವಾದ ಮೇಲೆ, ಗಂಡ ಹೆಂಡತಿ ಪಾದ್ರಿಯ ಮುಂದೆ ಮತ್ತೆ ಮದುವೆಯಾದರು. ಮೊದಲು ಅವರಿದ್ದ ತೋಟದ ಹತ್ತಿರ ಚರ್ಚೇ ಇರಲಿಲ್ಲ. ಇಷ್ಟು ವರ್ಷ ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರಲ್ಲ! ಲೂಯಿಸಿಯಾನಾದ ಮ್ಯಾರಿಂಗ್ವಿನ್ ಅನ್ನುವ ಸಣ್ಣ ಊರಿನ ಕ್ಯಾಥೊಲಿಕ್ ಸ್ಮಶಾನದಲ್ಲಿ ಕಾರ್ನೀಲಿಯಸ್ ಅವರ ಸಮಾಧಿಕಲ್ಲು ಸಿಕ್ಕಿತು. ತೀರಿಕೊಂಡದ್ದು 1902ರ ಏಪ್ರಿಲ್ 16. ಮರಿಮೊಮ್ಮಕ್ಕಳ ಮಕ್ಕಳು ಇಂದಿಗೂ ಇದ್ದಾರೆ.

ಜಾರ್ಜ್‌ಟೌನ್ ನನಗೆ ದೂರವಲ್ಲ. ಒಂದು ಭಾನುವಾರ ರಾಸ್‌ಲಿನ್ ಸ್ಟೇಷನ್‌ನಲ್ಲಿ ಇಳಿದು ಸೇತುವೆ ಮೇಲೆ ನಡೆದು ಹೋದೆ. ಮಲ್ಲೆಡಿ ಹೆಸರಿದ್ದ ಕಟ್ಟಡಕ್ಕೆ 2017ರಲ್ಲಿ ಐಸಾಕ್ ಹಾಕಿನ್ಸ್ ಹಾಲ್ ಅಂತ ಹೆಸರಿಟ್ಟಿದ್ದಾರೆ. ಈಗ ಪೂರ್ತಿ ಹೆಸರು ಇದೆ, ಅಡ್ಡಹೆಸರು ಸಮೇತ. ಹುಡುಗರು ಬ್ಯಾಗ್ ಹಾಕಿಕೊಂಡು ಓಡಾಡುತ್ತಿದ್ದರು. ಮಾರಾಟವಾದವರ ವಂಶದವರಿಗೆ ಪ್ರವೇಶದಲ್ಲಿ ಆದ್ಯತೆ ಕೊಡುತ್ತೇವೆ ಅಂತ 2016ರಲ್ಲೇ ಹೇಳಿದ್ದಾರೆ. ಒಳ್ಳೆಯದು. ಆದರೆ ಅರ್ಜಿ ಹಾಕಬೇಕಾದರೆ ತಾನು ಯಾರ ವಂಶ ಅಂತ ಮೊದಲು ಗೊತ್ತಿರಬೇಕಲ್ಲ. ಆ ಕೆಲಸ ಮುಗಿಯುವ ತನಕ ನನಗೆ ಸಮಾಧಾನವಿಲ್ಲ.

ನಮ್ಮ ಪಕ್ಕದ ಮನೆ ಅಜ್ಜಿಯದು ಬೇರೆ ಕುಟುಂಬ, ಬೇರೆ ಒಡೆಯರು. ಆದರೂ ಹಾಕಿನ್ಸ್ ಕುಟುಂಬದವರನ್ನು ಹುಡುಕಿದ ರೀತಿಯಲ್ಲೇ ಹೊರಟಿದ್ದೇನೆ. ಮೊದಲು ಮೂರು ವಾರ ಅದೇ ಹೆಸರಿನ ಬೇರೊಬ್ಬ ಹೆಂಗಸಿನ ಹಿಂದೆ ಹೋಗಿದ್ದೆ. ಅವರ ಅಕ್ಕಪಕ್ಕದ ಮನೆಯವರ ಹೆಸರು ಹೊಂದಲಿಲ್ಲ, ಬಿಟ್ಟೆ. ಈಗ ಮುತ್ತಜ್ಜಿ 1880ರಲ್ಲಿ ಸಿಕ್ಕಿದ್ದಾರೆ, ಒಂಬತ್ತು ವರ್ಷದ ಹುಡುಗಿ. ಮೇಲಿನ ಸಾಲಿನಲ್ಲಿ ತಾಯಿ. ಹೆಸರು ಜೋರಾಗಿ ಓದಿದೆ. ಅಜ್ಜಿ ಇನ್ನೊಂದು ಸಲ ಓದು ಅಂದರು. ಓದಿದೆ. ಮತ್ತೆ ಓದು ಅಂದರು.

ಶನಿವಾರ ಚರ್ಚಿನ ಪುಸ್ತಕಗಳನ್ನು ಶುರುಮಾಡಬೇಕು.