ಬಸ್ಯಾ ಬರಲಿಲ್ಲ, ರಾಮನೂ ಹೋದ

ದುಬೈನಿಂದ ಅಣ್ಣ ಫೋನ್ ಮಾಡಿದ. ಅಲ್ಲಿನ ನೌಕರಿ ಸಾಕು, ಗಂಗಾವತಿಗೇ ಬಂದುಬಿಡ್ತೀವಿ ಅಂದ. ಅವ್ವನಿಗೆ ಖುಷಿಗೆ ಮಾತೇ ಹೊರಡಲಿಲ್ಲ. ಆಮೇಲೆ ಅಣ್ಣ, "ಬಸ್ಯಾನೂ ಬರ್ತಾನ. ಹಕ್ಕಿ ತರಾಕ ಏನೇನು ಬೇಕು, ಸ್ವಲ್ಪ ಕೇಳಿ ಇಡು" ಅಂದ.

ಬಸ್ಯಾ ಅಂದರೆ ಅವರ ಮನೆಯ ಆಫ್ರಿಕನ್ ಬೂದು ಗಿಳಿ. ಮೈಯೆಲ್ಲ ಬೂದಿ ಬಣ್ಣ, ಬಾಲ ಮಾತ್ರ ಕುಂಕುಮ. ಬಾಗಿಲ ಬೆಲ್ ಆದರೆ ಥೇಟ್ ವೈನಿ ದನಿಯಲ್ಲಿ "ಬಂದೆ ಬಂದೆ" ಅನ್ನುತ್ತಿದ್ದ. ಅವ್ವ ವಿಡಿಯೊ ಕಾಲಿನಲ್ಲಿ "ಉಂಡ್ಯೇನೋ" ಅಂದರೆ ಅದನ್ನೇ ಅವಳಿಗೆ ತಿರುಗಿ ಕೇಳುತ್ತಿದ್ದ.

ಇದೇನು ಮಹಾ ಕೆಲಸ, ಒಂದು ಸೂಜಿ, ಒಂದು ಸರ್ಟಿಫಿಕೇಟು ಅಂದುಕೊಂಡೆ. ಮರುದಿನ ಬೆಳಿಗ್ಗೆ ಪಶು ಆಸ್ಪತ್ರೆಗೆ ಹೋದೆ. ಡಾಕ್ಟರು ಭುಜದ ತನಕ ಪ್ಲಾಸ್ಟಿಕ್ ಗ್ಲೌಸ್ ಹಾಕಿಕೊಂಡು ಒಂದು ಎಮ್ಮೆಯ ಗರ್ಭ ಪರೀಕ್ಷೆ ಮಾಡುತ್ತಿದ್ದರು. ಕೈ ತೆಗೆಯದೆಯೇ ನನ್ನ ಕಥೆ ಕೇಳಿದರು. "ದುಬೈ ಗಿಳಿನಾ?" ಅಂತ ನಕ್ಕರು. ಕೈ ತೊಳೆದುಕೊಂಡು, ಬೆಂಗಳೂರಲ್ಲಿದ್ದ ತಮ್ಮ ಜೊತೆ ಓದಿದ ಒಬ್ಬರಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು. ಅವರಿಗೆ ಪ್ರಾಣಿ ಕ್ವಾರಂಟೈನ್ ವಿಷಯವೆಲ್ಲ ಗೊತ್ತಂತೆ.

ಅವರು ಹೇಳಿದ್ದಿಷ್ಟು. ವಿದೇಶದ ಮನೆ ಖಾಲಿ ಮಾಡಿ ಬರುವವರು ಲಗೇಜಿನ ಜೊತೆ ತರಬಹುದಾದದ್ದು ನಾಯಿ, ಬೆಕ್ಕು. ಅದೂ ಎರಡೇ. ಹಕ್ಕಿ ಆ ಲೆಕ್ಕಕ್ಕೇ ಬರುವುದಿಲ್ಲ. ಅದಕ್ಕೆ ಡಿಜಿಎಫ್‌ಟಿ, ಅಂದರೆ ಆಮದು-ರಫ್ತು ನೋಡಿಕೊಳ್ಳುವ ಕೇಂದ್ರದ ಕಚೇರಿಯ ಲೈಸೆನ್ಸ್ ಬೇಕು, ಕ್ವಾರಂಟೈನ್ ಇಲಾಖೆಯ ಒಪ್ಪಿಗೆ ಬೇಕು. ಹಕ್ಕಿಜ್ವರದ ಭಯ ಇದೆಯಲ್ಲ, ಒಂದು ಹಕ್ಕಿ ರೋಗ ತಂದರೆ ಇಲ್ಲಿ ಕೋಳಿ ಫಾರಂಗಳೇ ಖಾಲಿಯಾಗುತ್ತವೆ.

"ಯಾವ ಗಿಳಿ ಅಂದ್ರಿ?" ಅಂತ ಕೇಳಿದರು. ಆಫ್ರಿಕನ್ ಗ್ರೇ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

ಕಾಡುಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕಲು ಸೈಟೀಸ್ ಅಂತ ಒಂದು ಒಪ್ಪಂದ ಇದೆ. 1973ರಲ್ಲಿ ಆದದ್ದು, ಭಾರತ ಸೇರಿದ್ದು 1976ರಲ್ಲಿ. ಬೂದು ಗಿಳಿಯನ್ನು ಹಿಡಿದು ಹಿಡಿದು ಮಾರಿ ಆಫ್ರಿಕಾದ ಕಾಡಲ್ಲೇ ಅದು ಕಮ್ಮಿಯಾಯಿತು. ಹಾಗಾಗಿ 2016ರಲ್ಲಿ ಅದನ್ನು ಅತಿ ಕಟ್ಟುನಿಟ್ಟಿನ ಒಂದನೇ ಪಟ್ಟಿಗೆ ಸೇರಿಸಿದರು. ಹುಲಿ ಇರುವ ಪಟ್ಟಿ ಅದು. ಇಲ್ಲಿಯ ಆಮದು ಪರವಾನಗಿ ಮೊದಲು ಸಿಗಬೇಕು, ಅದನ್ನು ನೋಡಿಯೇ ಅಲ್ಲಿಯವರು ರಫ್ತು ಪರವಾನಗಿ ಕೊಡುತ್ತಾರೆ. ಬಸ್ಯಾನ ಕಾಲಲ್ಲಿ ನಂಬರಿನ ಉಂಗುರ ಇತ್ತು, ಅಣ್ಣನ ಹತ್ತಿರ ರಸೀದಿ ಇತ್ತು. ಅಷ್ಟಕ್ಕೆ ಆಗುವ ಕೆಲಸ ಅಲ್ಲ. ದುಬೈ ಇರುವ ಎಮಿರೇಟ್ಸ್ ದೇಶದಲ್ಲಿ ಬೇಟೆ ಗಿಡುಗಕ್ಕೆ ಪಾಸ್‌ಪೋರ್ಟನ್ನೇ ಕೊಡುತ್ತಾರೆ. ನಮ್ಮ ಬಸ್ಯಾ ಶೇಖ್‌ಗಳ ಮನೆಯವನಲ್ಲ, ಏನು ಮಾಡೋದು.

ಎಮ್ಮೆಯ ಮಾಲೀಕ ಎಲ್ಲ ಕೇಳಿಸಿಕೊಂಡು, "ಬ್ಯಾಗಿನ್ಯಾಗ ಮುಚ್ಚಿ ತರ್ರಿ, ಯಾರು ನೋಡ್ತಾರ" ಅಂದ. "ಸ್ಕ್ಯಾನರ್ ನೋಡ್ತದ" ಅಂದರು ಡಾಕ್ಟರು. "ಉಸಿರು ಕಟ್ಟಿ ಸತ್ತಿರ್ತದ, ಇಲ್ಲಾ ಕಸ್ಟಮ್ಸ್‌ನವರು ಹಿಡೀತಾರ."

ನಾನು ಎದ್ದೆ. ಡಾಕ್ಟರು ಸುಮ್ನೆ ಮಾತಿಗೆ ಕೇಳಿದರು, "ನಿಮ್ಮ ಮನ್ಯಾಗೂ ಗಿಳಿ ಐತೇನ್ರಿ?"

"ಐತಲ್ರಿ, ರಾಮ. ಒಂಬತ್ತು ವರ್ಷ ಆತು," ಅಂದೆ, ಹೆಮ್ಮೆಯಿಂದಲೇ.

"ಹಸಿರು ಗಿಳಿ? ಕೊರಳಿಗೆ ಕೆಂಪು ಪಟ್ಟಿ?"

"ಹೌದ್ರಿ."

"ಬಸ್ಯಾನ ಸುದ್ದಿ ಬಿಡ್ರಿ. ಮೊದಲು ರಾಮಂದು ನೋಡ್ರಿ. ನಮ್ಮ ದೇಶದ ಗಿಳಿ ಸಾಕೂದು 1972ರ ಕಾಯ್ದೆ ಪ್ರಕಾರ ಅಪರಾಧ."

ನನಗೆ ನಗು ಬಂತು, ಆಮೇಲೆ ಬರಲಿಲ್ಲ. ಊರಲ್ಲಿ ಹತ್ತು ಮನೆಗೆ ಒಂದು ಪಂಜರ ಇದೆ, ಅಲ್ವಾ? ಜೋಳದ ಹೊಲದಲ್ಲಿ ಮಂಚಿಕೆ ಏರಿ ಕವಣೆ ಬೀಸಿ ಓಡಿಸುವುದೂ ಇದೇ ಗಿಳಿ, ಮನೆಯಲ್ಲಿ ಹಸಿಮೆಣಸಿನಕಾಯಿ ತಿನ್ನಿಸುವುದೂ ಇದೇ ಗಿಳಿ. ರಾಮನನ್ನು ನಾವು ಕೊಂಡದ್ದಲ್ಲ. ಮಳೆಗಾಳಿಗೆ ಬೇವಿನ ಪೊಟರೆಯಿಂದ ಬಿದ್ದಿದ್ದ. ಮೈಮೇಲೆ ಪುಕ್ಕ ಇರಲಿಲ್ಲ. ಅವ್ವ ನೆನೆಸಿದ ಕಡಲೆಬೇಳೆ ಅರೆದು ಬೆರಳ ತುದಿಯಲ್ಲಿ ತಿನ್ನಿಸಿ ಉಳಿಸಿದ್ದಳು.

ಅವ್ವ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೇ ದಿನ ಅವಳೇ, "ಫೋನ್ ಮಾಡು, ಬರಲಿ" ಅಂದಳು. ಅರಣ್ಯ ಇಲಾಖೆಯವರು ಬಂದರು, ಬೈಯಲಿಲ್ಲ. ಇಷ್ಟು ವರ್ಷ ಪಂಜರದಲ್ಲಿದ್ದ ಹಕ್ಕಿಯ ರೆಕ್ಕೆಗೆ ಕಸುವಿರುವುದಿಲ್ಲ, ಮೊದಲು ದೊಡ್ಡ ಗೂಡಿನಲ್ಲಿ ಹಾರಾಡಿಸಬೇಕು ಅಂದರು. ಪೆಟ್ಟಿಗೆಗೆ ಹಾಕುವಾಗ ರಾಮ ಒಬ್ಬರ ಹೆಬ್ಬೆರಳು ಕಚ್ಚಿ ರಕ್ತ ತೆಗೆದ. ಅವ್ವ ಅವರಿಗೆ ಅರಿಶಿನ ಹಚ್ಚಿ ಚಹಾ ಕೊಟ್ಟಳು.

ಅಣ್ಣ ಜೂನ್‌ನಲ್ಲಿ ಬಂದ. ಬಸ್ಯಾ ಶಾರ್ಜಾದಲ್ಲಿ ಅವನ ಗೆಳೆಯನ ಮನೆಯಲ್ಲಿದ್ದಾನೆ. ಬೂದು ಗಿಳಿ ನಲವತ್ತು ವರ್ಷ ಬದುಕುತ್ತದಂತೆ, ಆ ಗೆಳೆಯನಿಗೆ ಈಗಾಗಲೇ ಐವತ್ತು. ಅಲ್ಲಿ ಬೆಲ್ ಆದರೆ ಇನ್ನೂ ವೈನಿ ದನಿಯಲ್ಲೇ "ಬಂದೆ ಬಂದೆ" ಅನ್ನುತ್ತಾನಂತೆ. ಆ ಮನೆಯವರು ಮಲಯಾಳಿಗಳು, ಅವರಿಗೆ ಅರ್ಥ ಗೊತ್ತಿಲ್ಲ.

ನಮ್ಮ ಪಡಸಾಲೆಯಲ್ಲಿ ಪಂಜರ ಹಾಗೇ ನೇತಾಡುತ್ತಿದೆ. ಅವ್ವ ಅದರಲ್ಲಿ ಬೆಳ್ಳುಳ್ಳಿ ತುಂಬಿಟ್ಟಿದ್ದಾಳೆ.