ಸಾರಥಿ ಕೇಳದ ಪ್ರಶ್ನೆ

ಬಯಲಾಟದಲ್ಲಿ ಯಾವ ಪಾತ್ರವೂ ತಾನು ಯಾರೆಂಬುದನ್ನು ಮುಚ್ಚಿಡುವುದಿಲ್ಲ. ಇಬ್ಬರು ಪರದೆ ಹಿಡಿದು ನಿಲ್ಲುತ್ತಾರೆ, ಹಿಂದಿನಿಂದ ಗೆಜ್ಜೆಯ ಸದ್ದು ಬರುತ್ತದೆ, ಮದ್ದಳೆ ಏರುತ್ತದೆ. ಪರದೆ ಸರಿದ ಕೂಡಲೇ ಸಾರಥಿ ಮುಂದೆ ಬಂದು ತಾವು ಯಾರು, ಎಲ್ಲಿಂದ ಬಂದಿರಿ ಎಂದು ಕೇಳುತ್ತಾನೆ. ಪಾತ್ರಧಾರಿ ಮೀಸೆ ತಿರುವಿ ತನ್ನ ಹೆಸರು, ವಂಶ, ಪಟ್ಟಣ, ಪರಾಕ್ರಮ ಎಲ್ಲವನ್ನೂ ಒಪ್ಪಿಸುತ್ತಾನೆ. ಸಿರುಗುಪ್ಪ ತಾಲೂಕಿನ ನಮ್ಮೂರಿನ ಆಟದಲ್ಲಿ ನನ್ನ ದೊಡ್ಡಪ್ಪನೇ ದುರ್ಯೋಧನ. ಸುಗ್ಗಿ ಮುಗಿದ ಮೇಲೆ ಅಟ್ಟ ಕಟ್ಟಿದರೆಂದರೆ, ನಡುರಾತ್ರಿಯಲ್ಲಿ ಅವನು 'ಭಲೇ ಸಾರಥಿ' ಎಂದ ಅಬ್ಬರಕ್ಕೆ ಗೋಣಿಚೀಲದ ಮೇಲೆ ನಿದ್ದೆ ಹೋಗಿದ್ದ ಮಕ್ಕಳು ಎದ್ದು ಕೂರುತ್ತಿದ್ದವು. ಹೀಗಾಗಿ, ದುರ್ಯೋಧನನ ವಿಷಯದಲ್ಲಿ ನಾನು ಕಲಿಯಬೇಕಾದದ್ದು ಏನೂ ಉಳಿದಿಲ್ಲ ಎಂಬ ಧೈರ್ಯದಿಂದಲೇ 1988ರಲ್ಲಿ ಬಳ್ಳಾರಿಗೆ ಬಂದು ಕಾಲೇಜಿನ ಬಿ.ಎ. ತರಗತಿಯಲ್ಲಿ ಕುಳಿತೆ.

ಆಗ ನಮ್ಮ ಭಾಗದ ಕಾಲೇಜುಗಳು ಗುಲಬರ್ಗಾ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಎರಡನೆಯ ವರ್ಷಕ್ಕೆ ರನ್ನನ 'ಗದಾಯುದ್ಧ'ದ ಭಾಗಗಳು ಪಠ್ಯವಾಗಿದ್ದವು. ಪಾಠ ಮಾಡಿದ ಗುರುಗಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರು ಅಚ್ಚಾಗುವುದು ಅವರಿಗೆ ಎಂದೂ ಹಿಡಿಸಿದ್ದಲ್ಲ. ಅವರ ಬಳಿ ಓದಿದವರಿಗೆ ಕಂದು ಕಾಗದದ ರಟ್ಟು ಹಾಕಿದ ಆ ಪುಸ್ತಕ, ಬಿಸಿಲಿಗೆ ಬಣ್ಣ ಬಿಟ್ಟಿದ್ದ ಆ ಕೊಡೆ ಸಾಕು, ಗುರುತು ಸಿಗುತ್ತದೆ. ಮಾರ್ಚ್ ತಿಂಗಳ ಮಧ್ಯಾಹ್ನ, ಕಿಟಕಿಯಾಚೆ ಕೋಟೆ ಗುಡ್ಡದ ಬಂಡೆ ಕಾದ ಹೆಂಚಿನ ಹಾಗಿರುವಾಗ, ಅವರು ಗಮಕಿಗಳಂತೆ ರಾಗವಾಗಿ ಪದ್ಯ ಓದುತ್ತಿದ್ದರು. ಹೆಸರಾಂತ ಗಮಕಿ ಜೋಳದರಾಶಿ ದೊಡ್ಡನಗೌಡರ ಜಿಲ್ಲೆಯಲ್ಲಿ ಹುಟ್ಟಿ ಕಾವ್ಯವನ್ನು ಬಾಯಿ ಮುಚ್ಚಿಕೊಂಡು ಓದುವವರನ್ನು ಏನೆನ್ನಬೇಕು ಎಂದು ನಮ್ಮನ್ನು ಗದರಿಸುತ್ತಿದ್ದರು.

ಒಮ್ಮೆ ದುರ್ಯೋಧನನ ಗುಣಸ್ವಭಾವವನ್ನು ಬರೆದು ತರಲು ಹೇಳಿದರು. ನಾನು ಗೈಡು ನೋಡಿ ಬರೆದೆ: ಛಲಗಾರ, ಅಭಿಮಾನಧನ, ಸ್ನೇಹಪ್ರಿಯ, ಹಟವಾದಿ, ಹೀಗೆ ಹನ್ನೊಂದು ಗುಣಗಳು, ಒಂದೊಂದಕ್ಕೂ ಅಡಿಗೆರೆ. ಹಾಳೆ ವಾಪಸ್ಸು ಬಂದಾಗ ಕೆಂಪು ಶಾಯಿಯಲ್ಲಿ ಒಂದೇ ಸಾಲು ಇತ್ತು: 'ಇದು ಕಿರಾಣಿ ಚೀಟಿ. ದುರ್ಯೋಧನ ಎಲ್ಲಿ?'

ಅಂದಿನಿಂದ ಪ್ರತಿ ಪದ್ಯದ ಕೊನೆಗೂ ಅವರು ಎರಡು ಪ್ರಶ್ನೆ ಕೇಳತೊಡಗಿದರು. ಈ ಮಾತನ್ನು ಅವನು ಯಾರಿಗೆ ಆಡಿದ? ಆಗ ಪಕ್ಕದಲ್ಲಿ ಯಾರಿದ್ದರು?

ಮೊದಮೊದಲು ಇದೇನು ಪೊಲೀಸ್ ವಿಚಾರಣೆ ಎನಿಸಿತು. ಆದರೆ ರನ್ನನಿಗೆ ಈ ಎರಡು ಪ್ರಶ್ನೆ ಹೇಳಿ ಮಾಡಿಸಿದಂತಿವೆ. ಅವನು ಕಥೆಯನ್ನು ಹಸ್ತಿನಾವತಿಯ ತೊಟ್ಟಿಲಿನಿಂದ ಶುರು ಮಾಡುವುದಿಲ್ಲ. ಯುದ್ಧದ ಕೊನೆಯ ದಿನವನ್ನು ಹಿಡಿದುಕೊಂಡು, ಹಿಂದಿನದನ್ನೆಲ್ಲ ಸಿಂಹದ ಹಾಗೆ ತಿರುಗಿ ನೋಡುತ್ತಾನೆ. ದುರ್ಯೋಧನ ನಮ್ಮ ಕಣ್ಣೆದುರು ಬೆಳೆದು ದೊಡ್ಡವನಾಗಲು ಅಲ್ಲಿ ಸಮಯವೇ ಇಲ್ಲ. ಸಂಜಯನನ್ನು ಜೊತೆಗಿಟ್ಟುಕೊಂಡು ರಣರಂಗದಲ್ಲಿ ಭೀಷ್ಮರ ಕಡೆಗೆ ನಡೆಯುತ್ತಾನೆ. ದಾರಿಯಲ್ಲಿ ಹೆಣಗಳು ಸಿಗುತ್ತವೆ. ಅವನು ಮಾತಾಡುವುದು ಆ ಹೆಣಗಳ ಜೊತೆ. ಬಯಲಾಟದ ಸಾರಥಿಯಂತೆ ಸಂಜಯ ಪಕ್ಕದಲ್ಲೇ ಇದ್ದಾನೆ, ಆದರೆ 'ತಾವು ಯಾರು' ಎಂದು ಅವನು ಕೇಳುವುದಿಲ್ಲ.

ಅಭಿಮನ್ಯುವಿನ ಹೆಣ ಸಿಗುತ್ತದೆ. ಶತ್ರುವಿನ ಮಗ, ಹಲವರು ಸೇರಿ ಕೊಂದ ಹುಡುಗ. ಅವನ ಮುಂದೆ ದುರ್ಯೋಧನ ಬೇಡಿಕೊಳ್ಳುತ್ತಾನೆ: ನಿನ್ನ ಸಾಹಸದ ಒಂದಂಶವಾದರೂ ಇರುವ ಸಾವು ನಮಗೆ ಬರಲಿ. ಆಮೇಲೆ ಸ್ವಂತ ಮಗ ಲಕ್ಷಣಕುಮಾರ. ತಂದೆಗೆ ಮಗ ತರ್ಪಣ ಬಿಡುವುದು ರೂಢಿ, ನೀನು ಕ್ರಮವನ್ನೇ ತಿರುವುಮುರುವು ಮಾಡಿದೆಯಲ್ಲ ಎಂದು ಗದರಿಸುವ ಹಾಗೆ ಅಳುತ್ತಾನೆ. ಹನ್ನೊಂದು ಗುಣಗಳ ನನ್ನ ಪಟ್ಟಿಯಲ್ಲಿ ಈ ತಂದೆಗೆ ಜಾಗವೇ ಇರಲಿಲ್ಲ.

ಕರ್ಣನ ಹೆಣದ ಮುಂದೆ ಬರುವ ಪದ್ಯವನ್ನು ಗುರುಗಳು ಆ ದಿನ ರಾಗವಿಲ್ಲದೆ, ಮಾತಿನಂತೆ ಓದಿದರು.

ಆನರಿವೆಂ ಪೃಥೆಯರಿವಳ್
ದಾನವರಿಪುವರಿವನರ್ಕನರಿವಂ ದಿವ್ಯ
ಜ್ಞಾನಿ ಸಹದೇವನರಿವಂ
ನೀನಾರ್ಗೆಂದಾರುಮರಿಯರಂಗಾಧಿಪತೀ

ನಾನು ಬಲ್ಲೆ, ಕುಂತಿ ಬಲ್ಲಳು, ಕೃಷ್ಣ ಬಲ್ಲ, ಸೂರ್ಯ ಬಲ್ಲ, ಸಹದೇವ ಬಲ್ಲ. ನೀನು ಯಾರ ಮಗನೆಂದು ಉಳಿದವರಾರೂ ಅರಿಯರು. ಗುರುಗಳು ಪುಸ್ತಕ ಮುಚ್ಚಿ, ಬಲ್ಲವರ ಸಾಲಿನಲ್ಲಿ ಮೊದಲನೆಯವರು ಯಾರು ಎಂದು ಕೇಳಿದರು. ಹಿಂದಿನ ಬೆಂಚಿನಿಂದ ಯಾರೋ ಕುಂತಿ ಎಂದರು. 'ಸರಿಯಾಗಿ ನೋಡು. ಹೆತ್ತವಳಿಗಿಂತ ಮೊದಲು ತನ್ನನ್ನು ಎಣಿಸಿಕೊಂಡಿದ್ದಾನೆ.'

ಇದೇ ಸಂಗತಿ ಪಂಪನಲ್ಲೂ ಇದೆ ಎಂದು ಅವರೇ ತೋರಿಸಿಕೊಟ್ಟರು. 941ರ 'ವಿಕ್ರಮಾರ್ಜುನ ವಿಜಯ'ದಲ್ಲಿ ಕೃಷ್ಣ ಕರ್ಣನನ್ನು ಒಡೆದು ತರಲು ಹೋದಾಗ, ನೀನು ಕುಂತಿಯ ಮಗನೆಂದು ದುರ್ಯೋಧನನಿಗೆ ಮೊದಲೇ ಗೊತ್ತು, ಮುಳ್ಳಿನಿಂದ ಮುಳ್ಳನ್ನು ತೆಗೆಯಲೆಂದೇ ನಿನ್ನನ್ನು ಸಾಕಿದ್ದಾನೆ ಎಂದು ಕಿವಿಯೂದುತ್ತಾನೆ. ಅಲ್ಲಿ ದುರ್ಯೋಧನ ಲೆಕ್ಕಾಚಾರದ ಮನುಷ್ಯ. ಆ ಮಾತನ್ನು ಆಡಿದವನು ಕೃಷ್ಣ, ಆಡಿದ್ದು ಬದುಕಿರುವ ಕರ್ಣನಿಗೆ, ಅದರಿಂದ ಆಗಬೇಕಾದ ಕೆಲಸವೂ ಒಂದಿತ್ತು. ರನ್ನನಲ್ಲಿ ದುರ್ಯೋಧನ ತಾನೇ ಹೇಳಿಕೊಳ್ಳುತ್ತಾನೆ, ಕೇಳಬೇಕಾದವನು ಸತ್ತಿದ್ದಾನೆ, ಈ ಮಾತಿನಿಂದ ಇನ್ನು ಲಾಭವೂ ಇಲ್ಲ, ನಷ್ಟವೂ ಇಲ್ಲ. ವಿಷಯ ಒಂದೇ, ಹೇಳುವ ಬಾಯಿ ಬದಲಾದದ್ದೇ ತಡ, ಮನುಷ್ಯನೇ ಬೇರೆಯಾದ. ಗೊತ್ತಿದ್ದೂ ಇಷ್ಟು ವರ್ಷ ಸುಮ್ಮನಿದ್ದನಲ್ಲ, ಅದು ಸ್ವಾರ್ಥವೋ ಪ್ರೀತಿಯೋ ಎಂದು ನಾವು ಗಂಟೆ ಹೊಡೆದ ಮೇಲೂ ಜಗಳವಾಡಿದೆವು. ಎರಡೂ ಇರಬಾರದೇಕೆ ಎಂಬುದು ನನ್ನ ಈಗಿನ ಅನುಮಾನ.

'ನೀರೊಳಗಿರ್ದುಂ ಬೆಮರ್ತನುರಗಪತಾಕಂ' ಎಂಬ ಸಾಲು ಎಲ್ಲರಿಗೂ ಗೊತ್ತು. ಉರಗಪತಾಕ, ಅಂದರೆ ಹಾವಿನ ಬಾವುಟದ ದುರ್ಯೋಧನ, ಭೀಮನ ಗರ್ಜನೆಗೆ ಹೆದರಿ ತಾನು ಅಡಗಿದ್ದ ಸರೋವರದ ನೀರಿನೊಳಗೂ ಬೆವರಿದ ಎಂದು ಬಹಳ ಜನ ಹೇಳುತ್ತಾರೆ, ನಾನೂ ಹಾಗೆಯೇ ಹೇಳಿದೆ. ಅದರ ಹಿಂದಿರುವ 'ಕೋಪಾರುಣನೇತ್ರಂ' ಎಂಬ ಮಾತನ್ನು ನುಂಗಿಬಿಟ್ಟೆಯಲ್ಲ, ಸಿಟ್ಟಿಗೆ ಕಣ್ಣು ಕೆಂಪಾದವನ ಬೆವರು ಅದು ಎಂದು ಗುರುಗಳು ನನ್ನನ್ನು ಹತ್ತು ನಿಮಿಷ ನಿಲ್ಲಿಸಿಯೇ ಪಾಠ ಮಾಡಿದರು.

ಒಂದು ವಿಷಯದಲ್ಲಿ ಮಾತ್ರ ನಾನು ಅವರನ್ನು ಇಂದಿಗೂ ಒಪ್ಪಿಲ್ಲ. ಹಂಪೆ ಆಗ ನಮ್ಮ ಜಿಲ್ಲೆಯಲ್ಲೇ ಇತ್ತು, 'ಹರಿಶ್ಚಂದ್ರಕಾವ್ಯ' ಬರೆದ ಹಂಪೆಯ ರಾಘವಾಂಕನೆಂದರೆ ಅವರಿಗೆ ಮನೆಯವನಿದ್ದಂತೆ. ಹರಿಶ್ಚಂದ್ರ ಬೆಳೆಯುವ ಪಾತ್ರವಲ್ಲ, ಮೊದಲಿನಿಂದ ಕೊನೆಯವರೆಗೆ ಅವನ ಸತ್ಯ ಅಲ್ಲಾಡುವುದಿಲ್ಲ ಎನ್ನುತ್ತಿದ್ದರು. ಸತ್ಯ ಅಲ್ಲಾಡಲಿಲ್ಲ, ನಿಜ. ಆದರೆ ವಿಶ್ವಾಮಿತ್ರ ಕಳಿಸಿದ ಗಾನರಾಣಿಯರಿಗೆ ಬೆಳ್ಗೊಡೆ ಕೊಡಲಾರೆನೆಂದ ಅರಸ, ರಾಜ್ಯವನ್ನೇ ಬಿಟ್ಟುಕೊಟ್ಟರೂ ಕುಲದ ಕಾರಣ ಹೇಳಿ ಅವರನ್ನು ವರಿಸೆನೆಂದವನು, ಕೊನೆಗೆ ಚಂಡಾಲನಾದ ವೀರಬಾಹುಕನ ಆಳಾಗಿ ಮಸಣ ಕಾಯುತ್ತಾನೆ. ಆ ಎರಡು ತುದಿಗಳ ನಡುವೆ ಅವನೊಳಗೆ ಏನೂ ಕದಲಲಿಲ್ಲವೆಂದರೆ ನಾನು ನಂಬಲಾರೆ. ಪರೀಕ್ಷೆಯಲ್ಲಿ ಹೀಗೆಯೇ ಬರೆದೆ. ಅಂಕ ಕಡಿಮೆ ಬಂತು. ಅದಕ್ಕೆ ಕಾರಣ ನನ್ನ ಕೈಬರಹವೂ ಇದ್ದೀತು.

ಆ ವರ್ಷ ಸುಗ್ಗಿಯ ರಜೆಗೆ ಊರಿಗೆ ಹೋದಾಗ ಕರ್ಣಪರ್ವದ ತಾಲೀಮು ನಡೆದಿತ್ತು. ಕೊನೆಯಲ್ಲಿ ದುರ್ಯೋಧನ ಕರ್ಣನ ಹೆಣದ ಮುಂದೆ ಎದೆ ಬಡಿದುಕೊಂಡು, ಅಟ್ಟದ ಹಲಗೆ ಅದುರುವಂತೆ ಕುಣಿದು ಹಾಡುವ ಪದವೊಂದಿದೆ. ದೊಡ್ಡಪ್ಪನಿಗೆ ಶಿಳ್ಳೆ ಬೀಳುತ್ತಿದ್ದದ್ದು ಅದಕ್ಕೇ. ಮೂರನೆಯ ತರಗತಿಗೆ ಶಾಲೆ ಬಿಟ್ಟವನು, ಇಡೀ ಪಾತ್ರ ಬಾಯಿಪಾಠ. ರಾತ್ರಿ ಊಟದ ಮೇಲೆ ನಾನು ಸ್ವಲ್ಪ ಜಂಬದಿಂದಲೇ ರನ್ನನ ಪದ್ಯ ಹೇಳಿ ಅರ್ಥ ಬಿಡಿಸಿದೆ. ಅವನು ಎಲೆಗೆ ಸುಣ್ಣ ಸವರುತ್ತಿದ್ದ ಬೆರಳನ್ನು ಹಾಗೆಯೇ ಹಿಡಿದು ಕುಳಿತ.

'ಇವನಿಗೆ ಮೊದಲೇ ಗೊತ್ತಿತ್ತೇನು ತಮ್ಮಾ?'

'ಗೊತ್ತಿತ್ತಂತೆ.'

'ಗೊತ್ತಿದ್ದವನು ಹಾಗೆ ಕೂಗಾಡುತ್ತಾನೇನು?'

ಆಟದ ದಿನ ಬೆಳಗಿನ ಜಾವ ಆ ಪದ ಬಂದಾಗ ದೊಡ್ಡಪ್ಪ ಕುಣಿಯಲಿಲ್ಲ. ಭುಜಕೀರ್ತಿ, ಎದೆಹಾರಗಳ ಭಾರದಲ್ಲೇ ಕಷ್ಟಪಟ್ಟು ಮೊಣಕಾಲೂರಿ, ಕರ್ಣನಾಗಿ ಮಲಗಿದ್ದವನ ಕಿವಿಯ ಹತ್ತಿರ ಬಾಗಿ, ಪದವನ್ನು ಹೆಚ್ಚುಕಡಿಮೆ ಪಿಸುಮಾತಿನಲ್ಲಿ ಹೇಳಿದ. ಮದ್ದಳೆಯವನಿಗೆ ತಾಳ ಸಿಗದೆ ಕೈ ನಿಂತಿತು. ಹಿಂದೆ ಕೂತಿದ್ದವರು ಕೇಳಿಸುತ್ತಿಲ್ಲವೆಂದು ಕೂಗಿದರು. ಸಾರಥಿ ಏನು ಮಾಡಬೇಕೆಂದು ತಿಳಿಯದೆ ಟ್ಯೂಬ್‌ಲೈಟಿನ ಕೆಳಗೆ ಕೋಲು ಹಿಡಿದುಕೊಂಡು ಸುಮ್ಮನೆ ನಿಂತುಬಿಟ್ಟಿದ್ದ.